ಛಾಯೆಗೆ ಬೆಲೆ ಕಟ್ಟುವ ಬಗೆ

ಚಿಕ್ಕಪೇಟೆಯ ರೇಷ್ಮೆ ಸೀರೆಯ ವರ್ತಕರಾಗಲಿ, ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯವರಾಗಲಿ, ಮೈಸೂರಿನ ಊದುಬತ್ತಿಯ ಮಾಲೀಕರಾಗಲಿ, ತಮ್ಮ ಸರಕಿನ ಚಿತ್ರಗಳನ್ನು ತೆಗೆಸಿಕೊಳ್ಳಬೇಕೆಂದು ನಿಶ್ಚಯಿಸಿ ಒಬ್ಬ ಸ್ವತಂತ್ರ ಛಾಯಾಗ್ರಾಹಕನನ್ನು ಕರೆದಾಗ, ಕುಶಲಪ್ರಶ್ನೆ ಮುಗಿಯುವುದಕ್ಕೆ ಮುನ್ನವೇ ಬರುವ ಮಾತು ಸಾಮಾನ್ಯವಾಗಿ ಒಂದೇ: "ಒಂದು ಫೋಟೋಕ್ಕೆ ಎಷ್ಟು ತಗೋತೀರಿ, ಸಾರ್?" ಈ ಪ್ರಶ್ನೆಯಲ್ಲಿ ಕಪಟವೇನೂ ಇಲ್ಲ. ಬಟ್ಟೆಯನ್ನು ಮೀಟರಿನಲ್ಲಿಯೂ ಬೆಳ್ಳಿಯನ್ನು ಗ್ರಾಮಿನಲ್ಲಿಯೂ ಅಳೆದು ಮಾರುವವರು ಚಿತ್ರವನ್ನು ಸಂಖ್ಯೆಯಲ್ಲಿ ಅಳೆಯಲು ಹೊರಡುವುದು ಸಹಜವೇ ಸರಿ. ಆದರೆ ಮೂವತ್ತು ವರ್ಷಗಳಿಂದ ಈ ವೃತ್ತಿಯಲ್ಲಿದ್ದು, ಈ ಪ್ರಶ್ನೆಗೆ ಬಗೆಬಗೆಯ ಉತ್ತರಗಳನ್ನು ಕೊಟ್ಟು, ಕೆಲವು ಬಾರಿ ಗಿರಾಕಿಗೂ ಹಲವು ಬಾರಿ ನನಗೂ ಅನ್ಯಾಯವಾದುದನ್ನು ಕಂಡಮೇಲೆ, ಉತ್ತರ ತಪ್ಪುವುದಕ್ಕೆ ಕಾರಣ ಪ್ರಶ್ನೆಯೇ ಅಪೂರ್ಣವಾಗಿರುವುದು ಎಂಬ ನಿಶ್ಚಯಕ್ಕೆ ಬಂದಿದ್ದೇನೆ. ಯಾವ ವಸ್ತುವಿನ ಚಿತ್ರ, ಎಷ್ಟು ಹೊತ್ತಿನ ಕೆಲಸ, ಯಾರ ಖರ್ಚು, ಎಲ್ಲಿ ಎಷ್ಟು ಕಾಲ ಅದರ ಬಳಕೆ, ಎಂಬೀ ಸಂಗತಿಗಳು ತಿಳಿಯದೆ ಹೇಳಿದ ಅಂಕಿ, ಹೆಚ್ಚಾಗಲಿ ಕಡಮೆಯಾಗಲಿ, ಕೇವಲ ಊಹೆಯಾಗಿರುತ್ತದೆ.

ಈಗ ನಮ್ಮಲ್ಲಿ ರೂಢಿಯಲ್ಲಿರುವ ಪದ್ಧತಿಗಳನ್ನು ಮೊದಲು ನೋಡೋಣ. ಅಂತರಜಾಲದ ಅಂಗಡಿಗಳಿಗೆ ಸರಕು ಏರಿಸುವವರು ವಸ್ತುವೊಂದಕ್ಕೆ ಇಷ್ಟೆಂದು ಕೊಡುತ್ತಾರೆ. ಬಿಳಿಯ ಹಿನ್ನೆಲೆ, ನಾಲ್ಕೈದು ಕೋನ, ಒಂದೇ ಬೆಳಕಿನ ವಿನ್ಯಾಸ, ದಿನಕ್ಕೆ ಐವತ್ತೋ ಎಂಬತ್ತೋ ವಸ್ತುಗಳು. ಜಾಹೀರಾತು ಸಂಸ್ಥೆಗಳು ದಿನಗೂಲಿಯ ಮಾದರಿಯಲ್ಲಿ, ವೃತ್ತಿಯವರ ಮಾತಿನಲ್ಲಿ ಹೇಳುವುದಾದರೆ 'ಡೇ ರೇಟಿ'ನಲ್ಲಿ, ವ್ಯವಹರಿಸುತ್ತವೆ. ಸಣ್ಣ ಊರುಗಳ ವ್ಯಾಪಾರಿಗಳು ಇಡೀ ಕೆಲಸಕ್ಕೆ ಒಟ್ಟು ಮೊತ್ತವೊಂದನ್ನು ಗೊತ್ತುಮಾಡಿಕೊಂಡು, ಕೊನೆಗೆ "ಇನ್ನೆರಡು ತೆಗೆದುಬಿಡಿ" ಎಂದು ಸೇರಿಸುವುದುಂಟು. ಶ್ರಮಕ್ಕೆ ಒಂದು ಮೊತ್ತ, ಖರ್ಚಿಗೆ ಇನ್ನೊಂದು, ಬಳಕೆಯ ಹಕ್ಕಿಗೆ ಮತ್ತೊಂದು ಎಂದು ಮೂರಾಗಿ ವಿಂಗಡಿಸಿ ಕೇಳುವ ಪದ್ಧತಿಯೂ ಇದೆ. ಅದನ್ನು ದೊಡ್ಡ ಸಂಸ್ಥೆಗಳೊಡನೆ ವ್ಯವಹರಿಸುವ ಕೆಲವರು ಮಾತ್ರ ಅನುಸರಿಸುತ್ತಾರೆ.

ಚಿತ್ರವೊಂದಕ್ಕೆ ಇಷ್ಟೆಂಬ ಲೆಕ್ಕದ ದೋಷವು ಕೆಲಸದ ಕೋಣೆಗೆ ಬಂದು ಒಂದು ಗಂಟೆ ನಿಂತವರಿಗೆ ತಾನಾಗಿ ಗೋಚರಿಸುತ್ತದೆ. ಹತ್ತಿಯ ಟವೆಲನ್ನು ಹಾಸಿ, ಮೃದುವಾದ ಬೆಳಕನ್ನು ಮೇಲಿನಿಂದ ಬಿಟ್ಟರೆ, ಐದು ನಿಮಿಷದಲ್ಲಿ ಚಿತ್ರ ಸಿದ್ಧ. ಉಕ್ಕಿನ ತಂಬಿಗೆಯ ಮಾತು ಹಾಗಲ್ಲ. ಅದು ಕನ್ನಡಿಯಂತೆ ಕೋಣೆಯನ್ನೆಲ್ಲ ತನ್ನ ಮೈಮೇಲೆ ತೋರಿಸುತ್ತದೆ, ಕ್ಯಾಮೆರಾವನ್ನೂ ಅದರ ಹಿಂದೆ ನಿಂತವನನ್ನೂ ಸೇರಿಸಿಕೊಂಡು. ಅದರ ಸುತ್ತ ಬಿಳಿಯ ಪರದೆಯ ಗುಡಾರವನ್ನೇ ಕಟ್ಟಿ, ಅಂಚು ಕಾಣಿಸುವುದಕ್ಕೆಂದು ಕಪ್ಪು ಕಾಗದದ ಪಟ್ಟಿಗಳನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಅರ್ಧ ದಿನ ಕಳೆಯಬೇಕಾಗುತ್ತದೆ. ರೇಷ್ಮೆಯ ಜರಿ ಎದುರು ಬೆಳಕಿಗೆ ಸತ್ತುಹೋಗಿ, ಓರೆ ಬೆಳಕಿಗೆ ಮಾತ್ರ ಜೀವಗೊಳ್ಳುತ್ತದೆ. ಆ ಓರೆಯನ್ನು ಹುಡುಕುವುದೇ ಕೆಲಸ, ಮತ್ತು ಗಿಳಿಹಸಿರು ಪರದೆಯ ಮೇಲೆಯೂ ಗಿಳಿಹಸಿರಾಗಿಯೇ ಉಳಿಯುವಂತೆ ಬಣ್ಣವನ್ನು ತಿದ್ದುವುದು ಇನ್ನೊಂದು ಕೆಲಸ. ಊದುಬತ್ತಿಯ ಹೊಗೆಯನ್ನು ಕಪ್ಪು ಹಿನ್ನೆಲೆಯ ಮುಂದೆ, ಹಿಂದಿನಿಂದ ಬೆಳಕು ಬಿಟ್ಟು, ಗಾಳಿಯಾಡದಂತೆ ಬಾಗಿಲು ಕಿಟಕಿಗಳನ್ನು ಮುಚ್ಚಿ, ಸುರುಳಿಯೊಂದು ಅಂದವಾಗಿ ಏಳುವ ಕ್ಷಣಕ್ಕಾಗಿ ಇನ್ನೂರು ಬಾರಿ ಕಾದು ತೆಗೆದು, ಒಂದನ್ನು ಆರಿಸಬೇಕು. ಈ ನಾಲ್ಕೂ ಕೆಲಸಗಳಿಗೆ 'ಒಂದು ಫೋಟೋ'ದ ರೇಟು ಒಂದೇ ಆಗಿರಬೇಕೆಂಬುದು ಟವೆಲಿನವನಿಗೆ ಅನ್ಯಾಯ, ಇಲ್ಲವೆ ತಂಬಿಗೆಯನ್ನು ತೆಗೆದವನಿಗೆ ಅನ್ಯಾಯ.

ಫಿಲ್ಮಿನ ಕಾಲದಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಮಧ್ಯಮ ಗಾತ್ರದ ಕ್ಯಾಮೆರಾಕ್ಕೆ ಹಾಕುವ 120ರ ರೋಲಿನಲ್ಲಿ ಆರು ಸೆಂಟಿಮೀಟರಿನ ಚೌಕದ ಚಿತ್ರಗಳು ಬರುತ್ತಿದ್ದುದು 12. 35 ಮಿಲಿಮೀಟರಿನ ರೋಲಿನಲ್ಲಿ 36. ಕಪ್ಪುಬಿಳುಪಿನ ಕೆಲಸಕ್ಕೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಸರಕು, ಮುದ್ರಣಕ್ಕೆ ಬೇಕಾದ ವರ್ಣಪಾರದರ್ಶಿಕೆಗೆ ಹೊರದೇಶದ ಫಿಲ್ಮು, ಬೆಳಕಿನ ಪರೀಕ್ಷೆಗೆ ಪೋಲರಾಯ್ಡು, ಆಮೇಲೆ ಲ್ಯಾಬಿನ ಸಂಸ್ಕರಣ. ಇವೆಲ್ಲವೂ ಬಿಲ್ಲಿನಲ್ಲಿ ಸಾಲುಸಾಲಾಗಿ ನಿಲ್ಲುತ್ತಿದ್ದವು. ಗಿರಾಕಿ ಅದನ್ನು ಬೆರಳಿಟ್ಟು ಓದುತ್ತಿದ್ದನು, ಚೌಕಾಸಿಯನ್ನೂ ಮಾಡುತ್ತಿದ್ದನು, ಆದರೆ ಚಿತ್ರಕ್ಕೆ ಖರ್ಚುಂಟೆಂಬುದನ್ನು ಸಂದೇಹಿಸುತ್ತಿರಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದು ರೋಲು ಮಾಯವಾದೊಡನೆ, ಖರ್ಚೂ ಮಾಯವಾಯಿತೆಂಬ ಭಾವನೆ ಹುಟ್ಟಿಕೊಂಡಿತು. ವಾಸ್ತವವಾಗಿ ಆದುದೇನೆಂದರೆ, ಗಿರಾಕಿಯ ಬಿಲ್ಲಿನಲ್ಲಿ ಕಾಣುತ್ತಿದ್ದ ವೆಚ್ಚವು ಛಾಯಾಗ್ರಾಹಕನ ಸಾಲದ ಪುಸ್ತಕಕ್ಕೆ ವರ್ಗವಾಯಿತು. ಹಳೆಯ ಯಾಂತ್ರಿಕ ಕ್ಯಾಮೆರಾ ಇಪ್ಪತ್ತು ವರ್ಷ ದುಡಿಯುತ್ತಿದ್ದ ಜಾಗದಲ್ಲಿ, ಒಂದೂವರೆ ಎರಡು ಲಕ್ಷ ಬಾರಿ ತೆರೆದು ಮುಚ್ಚುವ ತಾಳಿಕೆಯ ಷಟರನ್ನುಳ್ಳ ಹೊಸ ಕ್ಯಾಮೆರಾ ಐದು ವರ್ಷಕ್ಕೆ ಹಳತಾಗುತ್ತದೆ. ಗಣಕಯಂತ್ರ, ತಂತ್ರಾಂಶದ ಮಾಸಿಕ ಬಾಡಿಗೆ, ಚಿತ್ರಗಳನ್ನು ಎರಡೆರಡು ಪ್ರತಿಯಾಗಿ ಕಾಪಿಡುವ ಹಾರ್ಡ್ ಡಿಸ್ಕುಗಳು ಇವೆಲ್ಲ ಅದರ ಬೆನ್ನಿಗೆ ಬಂದ ಹೊರೆಗಳು.

ಆದುದರಿಂದ ನ್ಯಾಯವಾದ ಬೆಲೆಯ ವಿಚಾರ ಛಾಯಾಗ್ರಾಹಕನ ಸ್ವಂತ ಲೆಕ್ಕದಿಂದಲೇ ಆರಂಭವಾಗತಕ್ಕದ್ದು. ಉದಾಹರಣೆಗೆ ಬೆಂಗಳೂರಿನ ಹೊರವಲಯದಲ್ಲಿ ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಒಬ್ಬನೇ ದುಡಿಯುವ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಕ್ಯಾಮೆರಾ, ಮಸೂರಗಳು, ದೀಪಗಳು, ಗಣಕಯಂತ್ರ ಎಲ್ಲ ಸೇರಿ 9 ಲಕ್ಷ ರೂಪಾಯಿಯ ಸಾಮಗ್ರಿ ಐದು ವರ್ಷ ಬಾಳಿದರೆ, ವರ್ಷದ ಸವಕಳಿ 1,80,000. ಕೋಣೆಯ ಬಾಡಿಗೆ ತಿಂಗಳಿಗೆ 15,000ದಂತೆ ಮತ್ತೆ 1,80,000. ವಿದ್ಯುತ್ತು, ಅಂತರಜಾಲ, ತಂತ್ರಾಂಶ, ವಿಮೆ, ದುರಸ್ತಿ, ಲೆಕ್ಕಪತ್ರದವರ ಶುಲ್ಕ ಇವಕ್ಕೆ 1,20,000, ಓಡಾಟಕ್ಕೆ 60,000. ಒಟ್ಟು 5,40,000 ರೂಪಾಯಿ, ಅವನು ಒಂದು ತುತ್ತು ಅನ್ನ ಉಣ್ಣುವ ಮೊದಲೇ. ಸಂಸಾರಕ್ಕೆ ತಿಂಗಳಿಗೆ 50,000, ಕಾಯಿಲೆ ಕಸಾಲೆಗೂ ಮುಪ್ಪಿಗೂ 10,000 ಎಂದು ಹಿಡಿದರೆ ವರ್ಷಕ್ಕೆ 7,20,000. ಎರಡೂ ಸೇರಿ 12,60,000.

ಇನ್ನು ದಿನಗಳ ಲೆಕ್ಕ. ವರ್ಷದ 365ರಲ್ಲಿ ಭಾನುವಾರ, ಹಬ್ಬ, ಜ್ವರ ಇವುಗಳನ್ನು ಕಳೆದರೆ ಉಳಿಯುವುದು 280ರ ಆಸುಪಾಸು. ಒಂದು ದಿನದ ಶೂಟಿಗೆ ಒಂದು ದಿನದ ಎಡಿಟಿಂಗು ಕಟ್ಟಿಟ್ಟದ್ದು. ಗಿರಾಕಿಗಳನ್ನು ಕಾಣುವುದು, ಕೊಟೇಷನ್ ಬರೆಯುವುದು, ಬಾಕಿ ವಸೂಲಿಗೆ ಅಲೆಯುವುದು ಇನ್ನೊಂದು ದಿನವನ್ನು ನುಂಗುತ್ತವೆ. ಹೀಗಾಗಿ ಹಣ ಹುಟ್ಟಿಸುವ ಶೂಟಿನ ದಿನಗಳು ವರ್ಷಕ್ಕೆ ಹೆಚ್ಚೆಂದರೆ 90. 12,60,000ವನ್ನು 90ರಿಂದ ಭಾಗಿಸಿದರೆ 14,000 ರೂಪಾಯಿ. ಸಹಾಯಕನ ಕೂಲಿ, ರೂಪದರ್ಶಿಯ ಸಂಭಾವನೆ, ಮೇಕಪ್ಪಿನವರು, ಸಾಗಣೆ, ಬಾಡಿಗೆಯ ದೀಪಗಳು, ತೆರಿಗೆ, ಇವೊಂದೂ ಇದರಲ್ಲಿ ಸೇರಿಲ್ಲ. ಈಗ ಇದೇ ತರುಣ, ಕೆಲಸ ಕೈತಪ್ಪೀತೆಂಬ ಭಯದಿಂದ, "ದಿನಕ್ಕೆ ಆರು ಸಾವಿರ ಕೊಡಿ ಸಾರ್" ಎಂದನೆನ್ನಿ. 90 ದಿನಕ್ಕೆ 5,40,000. ಅಂದರೆ ಕೋಣೆಯೂ ಕ್ಯಾಮೆರಾವೂ ತಮ್ಮ ಪಾಲನ್ನು ಪೂರ್ತಿಯಾಗಿ ತೆಗೆದುಕೊಂಡು, ಅವನ ಮನೆಗೆ ವರ್ಷವಿಡೀ ಒಂದು ರೂಪಾಯಿಯನ್ನೂ ಉಳಿಸುವುದಿಲ್ಲ. ತಮ್ಮ ರೇಟು ಕಡಮೆಯೆಂದು ಹೆಮ್ಮೆಪಡುವ ಅನೇಕರು ಸಾಮಗ್ರಿಯ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದೆ ಆ ಹಣವನ್ನೇ ಉಂಡು, ಐದನೆಯ ವರ್ಷ ಕ್ಯಾಮೆರಾ ಕೈಕೊಟ್ಟಾಗ ವೃತ್ತಿಯನ್ನೇ ಬಿಟ್ಟುಹೋದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ನನಗಿಂತ ಉತ್ತಮವಾದ ಕಣ್ಣುಳ್ಳವರೂ ಇದ್ದರು. ಈ ಅಂಕಿಗಳು ದಾವಣಗೆರೆಯಲ್ಲಿ ಬೇರೆ, ಹುಬ್ಬಳ್ಳಿಯಲ್ಲಿ ಬೇರೆ; ಭಾಗಾಕಾರದ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ.

ಈ ಲೆಕ್ಕದಿಂದ ದೊರೆಯುವುದು ಕೆಳಗಿನ ಮಿತಿ. ಅದಕ್ಕಿಂತ ಇಳಿದರೆ ನಷ್ಟವೆಂದು ಅದು ಹೇಳುತ್ತದೆ, ಮೇಲೆ ಎಲ್ಲಿಯವರೆಗೆ ಕೇಳುವುದು ನ್ಯಾಯವೆಂಬುದನ್ನು ಹೇಳುವುದಿಲ್ಲ. ಅಲ್ಲಿ ಬಳಕೆಯ ಪ್ರಶ್ನೆ ಏಳುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಸಮಸ್ಯೆಯ ತಿರುಳು ಇಲ್ಲಿಯೇ ಇದೆ. ಡಿಜಿಟಲ್ ಕ್ಯಾಮೆರಾ ನಮ್ಮ ಕೈಗೆ ಹೊಸದಾಗಿ ಬಂದಿದ್ದ ದಿನಗಳಲ್ಲಿ, ಒಬ್ಬ ಸೀರೆ ವರ್ತಕರಿಗೆ ದೀಪಾವಳಿಯ ಕರಪತ್ರಕ್ಕೆಂದು ಹನ್ನೆರಡು ಸೀರೆಗಳ ಚಿತ್ರ ತೆಗೆದುಕೊಟ್ಟಿದ್ದೆ. ಕರಪತ್ರದ ಅಳತೆಗೆ ತಕ್ಕ ಸಣ್ಣ ಮೊತ್ತವನ್ನು ಕೇಳಿದ್ದೆ. ಅವರು ಅದನ್ನು ಮಾರನೆಯ ದಿನವೇ ಎಣಿಸಿ ಕೊಟ್ಟಿದ್ದರು. ಮೂರು ವರ್ಷಗಳ ತರುವಾಯ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ, ಅದೇ ಚಿತ್ರಗಳಲ್ಲೊಂದು ನಲವತ್ತಡಿಯ ಹೋರ್ಡಿಂಗಿನ ಮೇಲೆ ನಿಂತಿತ್ತು. ವಿಚಾರಿಸಿದಾಗ ಕ್ಯಾಲೆಂಡರಿನಲ್ಲಿಯೂ ಸೀರೆಯ ಪೆಟ್ಟಿಗೆಯ ಮೇಲೆಯೂ ಅವು ಆಗಲೇ ಅಚ್ಚಾಗಿದ್ದುವೆಂದು ತಿಳಿಯಿತು. ನೋವಿನಿಂದ ಅವರಲ್ಲಿಗೆ ಹೋದೆ. ಅವರು ಅಚ್ಚರಿಯಿಂದ, "ದುಡ್ಡು ಕೊಟ್ಟಿದ್ದೀನಲ್ಲ ಸ್ವಾಮಿ, ಇನ್ನೇನು?" ಎಂದರು. ಅವರು ಸುಳ್ಳಾಡಲಿಲ್ಲ, ಮೋಸವನ್ನೂ ಮಾಡಿರಲಿಲ್ಲ. ವಕೀಲರೊಬ್ಬರ ಬಳಿಗೆ ಹೋದ ಮೇಲೆ ನನಗೆ ತಿಳಿದುಬಂದುದೇನೆಂದರೆ, ಕಾನೂನೂ ಅವರ ಪಕ್ಷದಲ್ಲಿಯೇ ಇತ್ತು.

ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣವು ಕೃತಿಯ ಕರ್ತೃವೇ ಅದರ ಮೊದಲ ಸ್ವಾಮಿ ಎಂದು ಸಾರಿ, ಕೆಳಗೆಯೇ ಒಂದು ಪರಂತುಕವನ್ನು ಜೋಡಿಸಿದೆ: ಯಾರದಾದರೂ ಕೋರಿಕೆಯ ಮೇರೆಗೆ, ಪ್ರತಿಫಲವನ್ನು ಪಡೆದು ತೆಗೆದ ಛಾಯಾಚಿತ್ರದ ವಿಷಯದಲ್ಲಿ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಯಿಸಿದವನೇ ಮೊದಲ ಸ್ವಾಮಿ. ಕಥೆಗಾರನಿಂದ ಕಥೆ ಬರೆಯಿಸಿಕೊಂಡವನಿಗೆ ಈ ಅನುಕೂಲವಿಲ್ಲ. ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ ಮೊದಲಾದುವಕ್ಕೆ ಮಾತ್ರ ಈ ನಿಯಮ. 2012ರ ತಿದ್ದುಪಡಿಯು ಛಾಯಾಚಿತ್ರದ ಸ್ವಾಮ್ಯದ ಅವಧಿಯನ್ನು ಕರ್ತೃವಿನ ಜೀವಿತಕಾಲ ಮತ್ತು ಅವನ ತರುವಾಯದ 60 ವರ್ಷಗಳಿಗೆ ವಿಸ್ತರಿಸಿತು. ಹೀಗೆ ಅವಧಿಯನ್ನು ಅಳೆಯುವುದು ತೆಗೆದವನ ಆಯುಸ್ಸಿನಿಂದ. ಒಡೆತನ ಮಾತ್ರ, ಅವನು ಮೌನವಾಗಿದ್ದರೆ, ಹಣ ಕೊಟ್ಟವನದು. ಚಿತ್ರ ತನ್ನದೆಂದು ಹೆಸರು ಹೇಳಿಕೊಳ್ಳುವ ಹಕ್ಕು 57ನೆಯ ಪ್ರಕರಣದ ಮೇರೆಗೆ ಕರ್ತೃವಿನಲ್ಲಿಯೇ ಉಳಿಯುತ್ತದೆ, ನಿಜ. ಆದರೆ ಆ ಹಕ್ಕಿನಿಂದ ಕೋಣೆಯ ಬಾಡಿಗೆ ಸಲ್ಲುವುದಿಲ್ಲ.

ಈ ನಿಯಮದ ಮೂಲ ಬ್ರಿಟನ್ನಿನಲ್ಲಿದೆ. ಅಲ್ಲಿಯ 1956ರ ಅಧಿನಿಯಮವೂ ಛಾಯಾಚಿತ್ರವನ್ನು ತೆಗೆಯಿಸಿದವನಿಗೇ ಸ್ವಾಮ್ಯವನ್ನು ಕೊಟ್ಟಿತ್ತು. 1988ರ ಅಧಿನಿಯಮದಲ್ಲಿ ಆ ದೇಶದವರು ಮನಸ್ಸು ಬದಲಿಸಿ ಸ್ವಾಮ್ಯವನ್ನು ಛಾಯಾಗ್ರಾಹಕನಿಗೆ ಹಿಂದಿರುಗಿಸಿದರು. ಮನೆಯ ಖಾಸಗಿ ಉಪಯೋಗಕ್ಕೆಂದು ತೆಗೆಯಿಸಿದ ಚಿತ್ರಗಳನ್ನು ಬೇರೆಯವರು ಬಹಿರಂಗಪಡಿಸದಂತೆ ತಡೆಯುವ ಹಕ್ಕನ್ನು ಮಾತ್ರ ತೆಗೆಯಿಸಿದವರಿಗೆ ಉಳಿಸಿದರು. ಅಮೆರಿಕದಲ್ಲಿ 1976ರಲ್ಲಿ ಅಂಗೀಕೃತವಾಗಿ 1978ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಸಂಬಳದ ನೌಕರನಲ್ಲದ ಛಾಯಾಗ್ರಾಹಕನು ಸಾಮಾನ್ಯವಾಗಿ ತಾನೇ ಸ್ವಾಮಿ. ಇದಕ್ಕೂ ಮೊದಲು, 1947ರಲ್ಲಿ, ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ-ಬ್ರೆಸೋಂ, ಜಾರ್ಜ್ ರಾಜರ್, ಡೇವಿಡ್ ಸೀಮೋರ್ ಮುಂತಾದವರು ಕೂಡಿ 'ಮ್ಯಾಗ್ನಮ್' ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದುದರ ಮುಖ್ಯೋದ್ದೇಶಗಳಲ್ಲೊಂದು, ಪತ್ರಿಕೆಗಳಿಗೆ ಚಿತ್ರವನ್ನು ಒದಗಿಸಿಯೂ ಸ್ವಾಮ್ಯವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕೆಂಬುದು. ಅವರದು ಸುದ್ದಿಚಿತ್ರದ ಲೋಕ, ನಮ್ಮದು ಸರಕಿನ ಲೋಕ. ಆದರೂ ಒಂದು ಚಿತ್ರವನ್ನು ಒಂದು ಬಳಕೆಗೆ ಕೊಟ್ಟು ಇನ್ನೊಂದು ಬಳಕೆಗೆ ಬೇರೆ ಬೆಲೆಯನ್ನು ಪಡೆಯಬಹುದೆಂಬ ಪದ್ಧತಿಗೆ ಅವರು ಕೊಟ್ಟ ಬಲ ದೊಡ್ಡದು.

ಇದಕ್ಕೆ ವ್ಯಾಪಾರಿಗಳು ಹೇಳುವ ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಬಡಗಿಯಿಂದ ಮೇಜು ಮಾಡಿಸಿಕೊಂಡವನು, ಅದರ ಮೇಲೆ ಊಟ ಮಾಡಿದರೆ ಒಂದು ಬೆಲೆ, ಲೆಕ್ಕ ಬರೆದರೆ ಒಂದು ಬೆಲೆ ಎಂದು ಕೊಡುವನೇ? ಸರಕು ತನ್ನದು, ಹಣ ತನ್ನದು, ಅಂಗಡಿಯ ಹೆಸರೂ ತನ್ನದು; ಚಿತ್ರ ಮಾತ್ರ ಬಾಡಿಗೆಯದೇಕೆ? ಈ ವಾದಕ್ಕೆ ನನ್ನ ಉತ್ತರವಿಷ್ಟೆ: ಮೇಜು ಒಂದು ಕೋಣೆಯಲ್ಲಿ ಒಂದೇ ಆಗಿರುತ್ತದೆ, ಚಿತ್ರವಾದರೋ ಸಾವಿರ ಕಡೆ ಒಮ್ಮೆಗೇ ದುಡಿಯುತ್ತದೆ. ಕರಪತ್ರದಲ್ಲಿ ಸಾವಿರ ಜನರನ್ನು ಕರೆತರುವ ಚಿತ್ರ ರಾಜ್ಯದ ಹೆದ್ದಾರಿಗಳಲ್ಲಿ ಲಕ್ಷಾಂತರ ಜನರನ್ನು ಕರೆಯುತ್ತದೆ. ಹೋರ್ಡಿಂಗಿನ ಜಾಗಕ್ಕೆ, ಅದರ ಮುದ್ರಣಕ್ಕೆ, ಅದನ್ನು ಕಟ್ಟುವವನಿಗೆ ಎಲ್ಲರಿಗೂ ಗಾತ್ರಕ್ಕೆ ತಕ್ಕ ಹಣ ಸಲ್ಲುವಲ್ಲಿ, ಚಿತ್ರಕ್ಕೆ ಮಾತ್ರ ಕರಪತ್ರದ ಬೆಲೆಯೇ ಸಾಕೆನ್ನುವುದು ಸಮಂಜಸವಲ್ಲ. ಅದರ ಜೊತೆಗೇ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಪಶ್ಚಿಮ ದೇಶಗಳಲ್ಲಿರುವಂತೆ ಬಳಕೆಯ ಉದ್ದುದ್ದದ ಕೋಷ್ಟಕವನ್ನು ಇಳಕಲ್ಲಿನ ಸೀರೆ ವ್ಯಾಪಾರಿಯ ಮುಂದೆಯೋ ಚನ್ನಪಟ್ಟಣದ ಗೊಂಬೆ ತಯಾರಕರ ಮುಂದೆಯೋ ಇಟ್ಟರೆ, ಅವರು ಹೆದರಿ, ಕ್ಯಾಮೆರಾವುಳ್ಳ ಅಳಿಯನನ್ನು ಕರೆಯುತ್ತಾರೆ, ಅವರನ್ನು ದೂಷಿಸಲಾಗದು. ನಾನು ಈಗ ಅನುಸರಿಸುವ ಮಧ್ಯಮಮಾರ್ಗವೆಂದರೆ, ಅಂಗಡಿಯ ಸ್ವಂತ ಜಾಲತಾಣ, ಕರಪತ್ರ, ಮಳಿಗೆಯ ಒಳಗಿನ ಫಲಕ ಇವುಗಳಿಗೆ ಎರಡು ವರ್ಷದ ಬಳಕೆಯನ್ನು ಮೂಲಬೆಲೆಯಲ್ಲಿಯೇ ಸೇರಿಸಿಬಿಡುವುದು. ಹೋರ್ಡಿಂಗು, ಪತ್ರಿಕಾ ಜಾಹೀರಾತು, ಪೆಟ್ಟಿಗೆಯ ಮೇಲಿನ ಮುದ್ರಣ ಬೇಕಾದಲ್ಲಿ ಮೂಲಬೆಲೆಯ ಅರ್ಧದಷ್ಟನ್ನು ಸೇರಿಸುವುದು. ಎಂದೆಂದಿಗೂ ಎಲ್ಲ ಹಕ್ಕೂ ಬೇಕೆಂದವರಿಗೆ ಎರಡರಷ್ಟನ್ನು ಹೇಳಿ ಸಂತೋಷದಿಂದ ಬರೆದುಕೊಡುವುದು. ಇದು ಶಾಸ್ತ್ರವಲ್ಲ, ನನ್ನ ಅನುಭವದಲ್ಲಿ ಇಬ್ಬರಿಗೂ ಸಹ್ಯವಾದ ಅಳತೆ.

ಪೇಟೆಯ ಧಾರಣೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 2000ದಲ್ಲಿ ಆರಂಭವಾದ 'ಐಸ್ಟಾಕ್' ಎಂಬ ಜಾಲತಾಣ ಚಿತ್ರಗಳನ್ನು ಒಂದೆರಡು ಡಾಲರಿಗೆ ಮಾರುವ ದಾರಿಯನ್ನು ತೋರಿಸಿತು. 2006ರಲ್ಲಿ ಗೆಟ್ಟಿ ಸಂಸ್ಥೆ ಅದನ್ನು ಕೊಂಡಮೇಲೆ, ಸಿದ್ಧಚಿತ್ರಗಳ ಬೆಲೆ ಲೋಕದಾದ್ಯಂತ ಕುಸಿಯಿತು. ಈಚೆಗೆ ಯಂತ್ರವೇ ಚಿತ್ರವನ್ನು ಹೆಣೆದುಕೊಡುತ್ತಿದೆ. ಸಾಧಾರಣವಾದ ಹಿನ್ನೆಲೆಯ ಕೆಲಸಗಳು ಇದರಿಂದ ಹೋದುವು, ಮತ್ತೆ ಬಾರವು. ಆದರೆ ಮಗ್ಗದಿಂದ ಇಳಿದ ಆ ಸೀರೆಯ ಆ ಅಂಚು, ಪೀಣ್ಯದಲ್ಲಿ ಕಡೆದ ಆ ಹಲ್ಲುಚಕ್ರದ ಆ ಹಲ್ಲು ಹೇಗಿದೆಯೋ ಹಾಗೆಯೇ ಕಾಣಬೇಕೆಂದು ಕೊಳ್ಳುವವನು ಬಯಸುವವರೆಗೆ, ವಸ್ತುವಿನ ಎದುರು ನಿಂತು ತೆಗೆಯುವವನು ಬೇಕೇ ಬೇಕು. ಅವನ ಬೆಲೆಯನ್ನು ಸಿದ್ಧಚಿತ್ರದ ಧಾರಣೆಯೊಡನೆ ತೂಗುವುದು ಸಲ್ಲದು.

ಛಾಯಾಗ್ರಾಹಕರೆಲ್ಲ ಕೂಡಿ ಒಂದೇ ದರವನ್ನು ಗೊತ್ತುಮಾಡಿಕೊಂಡರಾಗದೆ ಎಂದು ಪ್ರತಿಯೊಂದು ಸಭೆಯಲ್ಲಿಯೂ ಯಾರಾದರೊಬ್ಬರು ಕೇಳುತ್ತಾರೆ. ಆ ದಾರಿ ಮುಚ್ಚಿದೆ. 2002ರ ಸ್ಪರ್ಧಾ ಅಧಿನಿಯಮದ 3ನೆಯ ಪ್ರಕರಣವು ಒಂದೇ ವೃತ್ತಿಯವರು ಕೂಡಿ ಬೆಲೆಯನ್ನು ನಿರ್ಧರಿಸುವುದನ್ನು ಸ್ಪರ್ಧೆಗೆ ಬಾಧಕವೆಂದೇ ಭಾವಿಸುತ್ತದೆ. ದರವನ್ನು ವಿಧಿಸದೆ, ವೆಚ್ಚದ ಲೆಕ್ಕ ಹಾಕುವ ಕ್ರಮವನ್ನು ಕಿರಿಯರಿಗೆ ಕಲಿಸುವುದು, ಕರಾರುಪತ್ರದ ಮಾದರಿಯನ್ನು ಕನ್ನಡದಲ್ಲಿ ಅಚ್ಚುಮಾಡಿ ಹಂಚುವುದು, ಇವು ಸಂಘಗಳು ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳು.

ಬೆಲೆ ಎಷ್ಟೇ ನ್ಯಾಯವಾಗಿದ್ದರೂ ಕೈಗೆ ಬಾರದ ಹಣ ಹಣವಲ್ಲ. ಅರ್ಧ ಮೊತ್ತವನ್ನು ಮುಂಗಡವಾಗಿ ಪಡೆಯುವುದು, ಹಿಂದಿನ ದಿನ ಶೂಟು ರದ್ದಾದರೆ ಕಾದಿರಿಸಿದ ದಿನಕ್ಕೆ ಇಷ್ಟು ಸಲ್ಲಬೇಕೆಂದು ಮೊದಲೇ ಹೇಳುವುದು, ಎಷ್ಟು ಬಾರಿ ತಿದ್ದಿಕೊಡುವುದೆಂಬುದಕ್ಕೆ ಮಿತಿ ಹಾಕುವುದು ರೂಢಿಯಾಗಬೇಕು. ಅನೇಕರಿಗೆ ತಿಳಿಯದ ಒಂದು ಆಸರೆಯೂ ಇದೆ. ಕಿರು ಉದ್ಯಮವೆಂದು 'ಉದ್ಯಮ್' ನೋಂದಣಿ ಮಾಡಿಸಿಕೊಂಡ ಛಾಯಾಗ್ರಾಹಕನಿಗೆ, 2006ರ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಅಧಿನಿಯಮದ ಪ್ರಕಾರ, ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಬಡ್ಡಿ ತಿಂಗಳಿಗೊಮ್ಮೆ ಚಕ್ರವಾಗಿ ಏರುತ್ತದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದವರು ನೂರಕ್ಕೆ 18ರ ಸರಕು ಮತ್ತು ಸೇವಾ ತೆರಿಗೆಯನ್ನು ಬೆಲೆಯ ಹೊರಗೆ ಬೇರೆಯಾಗಿ ತೋರಿಸಬೇಕು. ಒಳಗೆ ಸೇರಿದೆಯೆಂದು ಬಾಯಿತಪ್ಪಿ ಒಪ್ಪಿಕೊಂಡರೆ ಅದು ಅವರ ದುಡಿಮೆಯಿಂದಲೇ ಕಳೆದುಹೋಗುತ್ತದೆ.

ಆ ಸೀರೆ ವರ್ತಕರು ಮುಂದಿನ ವರ್ಷ ಮತ್ತೆ ನನ್ನನ್ನೇ ಕರೆದರು. ಈ ಬಾರಿ ಅರ್ಧ ಪುಟದ ಕಾಗದವೊಂದನ್ನು ಬರೆದು ಒಯ್ದೆ: ಎಷ್ಟು ಸೀರೆ, ಎಷ್ಟು ದಿನ, ಖರ್ಚೇನು, ಚಿತ್ರಗಳು ಎಲ್ಲೆಲ್ಲಿ ಎಷ್ಟು ವರ್ಷ, ಸ್ವಾಮ್ಯ ಯಾರದು. ಬಳಕೆಯ ಹಕ್ಕು ಬರಹದಲ್ಲಿಯೇ ಇರಬೇಕೆಂಬುದು, ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಇಡೀ ಭಾರತವೆಂದೂ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣ ಭಾವಿಸುತ್ತದೆಂಬುದು ನನಗೆ ಆ ವೇಳೆಗೆ ತಿಳಿದಿತ್ತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹೋರ್ಡಿಂಗಿನ ಸಾಲಿನ ಬಳಿ ಬೆರಳಿಟ್ಟು ಎರಡು ಪ್ರಶ್ನೆ ಕೇಳಿದರು. "ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ" ಎಂದು ಹಿಂದಿನ ಮೊತ್ತದ ಎರಡೂವರೆಯಷ್ಟಕ್ಕೆ ಒಪ್ಪಿ ಸಹಿ ಹಾಕಿದರು.

ಕಾನೂನು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮದುವೆಯ ಚಿತ್ರಗಳಲ್ಲಿ, ಕುಟುಂಬದ ಭಾವಚಿತ್ರಗಳಲ್ಲಿ ಮನೆಯವರ ಗೋಪ್ಯತೆಗೆ ರಕ್ಷಣೆ ಇರಲಿ. ವಾಣಿಜ್ಯದ ಚಿತ್ರಗಳಲ್ಲಿ ಬ್ರಿಟನ್ 1988ರಲ್ಲಿಯೇ ಕೈಬಿಟ್ಟ ಪರಂತುಕವನ್ನು ನಾವು ಇನ್ನೂ ಹೊತ್ತುಕೊಂಡಿರುವುದಕ್ಕೆ ಕಾರಣವಿಲ್ಲ. ಸಂಸತ್ತು ಅದನ್ನು ತೆಗೆಯುವವರೆಗೆ, ವಿರುದ್ಧವಾದ ಒಪ್ಪಂದಕ್ಕೆ ಅದೇ ಕಾನೂನು ತೆರೆದಿಟ್ಟಿರುವ ಬಾಗಿಲು ಇದ್ದೇ ಇದೆ. ಈ ವೃತ್ತಿಗೆ ಈಗ ಕಾಲಿಡುತ್ತಿರುವ ತರುಣರೂ ತರುಣಿಯರೂ, ನಾಳೆ "ಒಂದು ಫೋಟೋಕ್ಕೆ ಎಷ್ಟು?" ಎಂಬ ಕರೆ ಬಂದಾಗ, ಅಂಕಿಯನ್ನು ಹೇಳುವ ಮೊದಲು ಆ ಅರ್ಧ ಪುಟವನ್ನು ಬರೆಯಿರೆಂದು, ಕ್ಯಾಮೆರಾವನ್ನು ಚೀಲದಿಂದ ತೆಗೆಯುವ ಮೊದಲು ಅದಕ್ಕೆ ಸಹಿ ಪಡೆಯಿರೆಂದು ಕೇಳಿಕೊಳ್ಳುತ್ತೇನೆ.